ದೇವದುರ್ಗದ್ದಲ್ಲದ ಕಲ್ಲು

“ಇದು ದೇವದುರ್ಗದ ಕಲ್ಲಲ್ಲವ್ವಾ,” ಎಂದ ಗದ್ದೆಪ್ಪ.

ಬುಧವಾರ ಸಂಜೆ. ಮಾನ್ವಿಯ ಮನೆಯ ಪಡಸಾಲೆಯಲ್ಲಿ ಮೌನೇಶ್ವರಿ ಕಾಗದದ ಕವರುಗಳನ್ನು ನಂಬರಿನ ಪ್ರಕಾರ ಜೋಡಿಸುತ್ತಿದ್ದಳು. ಒಂದೊಂದು ಕವರಿನಲ್ಲೂ ಒಂದೊಂದು ಕಲ್ಲಿನ ಚಕ್ಕೆ, ಅದರ ಮೇಲೆ ಅಂಟಿಕೊಂಡ ಕಲ್ಲುಹೂವು. ಮಸಾಲೆಗೆ ಹಾಕುವ ಕಲ್ಲುಹೂವಿನ ದಾಯಾದಿಗಳೇ ಅವು. ಅಡುಗೆಗೆ ಬಾರದವು, ಅಷ್ಟೆ. ರಾಯಚೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದು ಪಿಎಚ್‌ಡಿಯನ್ನೂ ಮಾಡುತ್ತಿದ್ದ ಅವಳು ನಾಲ್ಕು ವರ್ಷ ದೇವದುರ್ಗ, ಮಾನ್ವಿಯ ಗುಡ್ಡಗಳನ್ನು ಸುತ್ತಿ, ಈ ಸೀಮೆಯಲ್ಲಿ ಯಾರೂ ದಾಖಲಿಸದ ಹದಿನೇಳು ಜಾತಿಯ ಕಲ್ಲುಹೂವುಗಳನ್ನು ಗುರುತಿಸಿದ್ದಳು. ಹೋದ ವರ್ಷ ಅದು ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದರಲ್ಲೂ ಹೆಸರು ತಂದದ್ದು ನಲವತ್ತೇಳನೆಯ ಕವರಿನದು. ತಂಪು ಬೆಟ್ಟಗಳಲ್ಲಿ ಇರಬೇಕಾದ ಜಾತಿ ದೇವದುರ್ಗದ ಈ ಬೆಂಕಿ ಬಿಸಿಲಿನಲ್ಲಿ ಹೇಗೆ ಬದುಕಿತು ಎಂದು ಎಲ್ಲರೂ ಹುಬ್ಬೇರಿಸಿದ್ದರು. ಪೇಪರಿನಲ್ಲಿ ಫೋಟೋ ಬಂದಿತ್ತು. ಓಣಿಯವರು ಬ್ಯಾನರ್ ಕಟ್ಟಿಸಿದ್ದರು.

ಆ ನಲವತ್ತೇಳನೆಯ ಚಕ್ಕೆಯೇ ಈಗ ಅಪ್ಪ ಗದ್ದೆಪ್ಪನ ಅಂಗೈಯಲ್ಲಿತ್ತು.

“ಅಲ್ಲೇ ತಂದದ್ದಪ್ಪಾ. ನೀನಾ ಎಬ್ಬಿಸಿ ಕೊಟ್ಟಿದ್ದಿ.”

“ನಾ ಕೊಟ್ಟದ್ದಲ್ಲ ಇದು. ಆ ಗುಡ್ಡದಾಗ ಮೂವತ್ತು ವರ್ಷ ಕಲ್ಲು ಒಡದೀನಿ. ತಿರುವಿ ನೋಡು. ಕೈಯಾಗ ಹಿಡಿ. ಎಷ್ಟು ವಜ್ಜಿ ಅದ! ಇದರಾಗ ಕಬ್ಬಿಣ ಅದ.”

ಹೂವಿಗೆ ಒಂದಿಷ್ಟೂ ನೋವಾಗದಂತೆ ಉಳಿಯಿಂದ ಚಕ್ಕೆ ಎಬ್ಬಿಸುವುದು ಗದ್ದೆಪ್ಪನ ಕೈಗೆ ಮಾತ್ರ ಬರುತ್ತಿತ್ತು. ರವಿವಾರಗಳಲ್ಲಿ ಮಗಳ ಜೊತೆ ಗುಡ್ಡ ಹತ್ತುತ್ತಿದ್ದವನು ಅವನೇ. ಮೌನೇಶ್ವರಿ ಚಕ್ಕೆ ಇಸಿದುಕೊಂಡು ತಿರುವಿದಳು. ಇಷ್ಟು ದಿನ ಅದರ ಮುಖವನ್ನಷ್ಟೇ ನೋಡಿದ್ದಳು. ಬೆನ್ನಿನ ಮೇಲೆ ಕಡುಗೆಂಪು ಪಟ್ಟೆಗಳಿದ್ದವು.

ಸಂಡೂರು.

ವಿದ್ಯಾರ್ಥಿಗಳನ್ನು ಸಂಡೂರಿನ ಕಬ್ಬಿಣದ ಅದಿರಿನ ತಂಪು ಬೆಟ್ಟಕ್ಕೆ ಕರೆದೊಯ್ದದ್ದು, ದಾರಿಯಲ್ಲಿ ಬಿದ್ದಿದ್ದ ಒಂದು ಚಕ್ಕೆಯನ್ನು ಚೀಲದ ಬದಿಯ ಜೇಬಿಗೆ ಸೇರಿಸಿದ್ದು, ಮುಂದಿನ ರವಿವಾರ ಅದೇ ಚೀಲ ಹೊತ್ತು ದೇವದುರ್ಗಕ್ಕೆ ಹೋದದ್ದು, ಚೀಲದಲ್ಲಿದ್ದ ಚಕ್ಕೆಗಳನ್ನೆಲ್ಲ ಒಟ್ಟಿಗೇ ಕವರಿಗೆ ಹಾಕಿದ್ದು, ಎಲ್ಲ ಒಮ್ಮೆಲೇ ನೆನಪಾಯಿತು. ಕವರಿನ ಮೇಲೆ ಊರು, ತಾರೀಖು ಬರೆದ ಅಕ್ಷರ ಅವಳದೇ.

ಶುಕ್ರವಾರ ಪ್ರಭುರಾಜರು ಬರುವವರಿದ್ದರು. ಐವತ್ತು ವರ್ಷ ಕಲ್ಲುಹೂವುಗಳನ್ನೇ ಓದಿದ, ಧಾರವಾಡದ ನಿವೃತ್ತ ಪ್ರಾಧ್ಯಾಪಕರು. ಉತ್ತರದ ಒಣ ಜಿಲ್ಲೆಗಳ ಕಲ್ಲುಹೂವುಗಳ ಮೇಲೆ ದೊಡ್ಡ ಪುಸ್ತಕ ಬರೆಯುತ್ತಿದ್ದರು. “ಫೋಟೋ ಬ್ಯಾಡವಾ, ಕಲ್ಲಿನ ಮ್ಯಾಲೆ ಜೀವಂತ ಇದ್ದದ್ದನ್ನ ನೋಡಬೇಕು,” ಎಂದು ಫೋನಿನಲ್ಲಿ ಹೇಳಿದ್ದರು.

ಆ ರಾತ್ರಿ ಅವಳು ದೀಪ ಆರಿಸಿ ಮಲಗಿದಳು. ಸ್ಟಾಫ್ ರೂಮಿನಲ್ಲಿ ಯಾರೋ ನಗುತ್ತ ಅಂದ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು: “ಕಲ್ಲು ಒಡಿಯೋ ಗದ್ದೆಪ್ಪನ ಮಗಳು ಲ್ಯಾಟಿನ್ ಹೆಸರು ಹೇಳಾಕತ್ತಾಳ ನೋಡ್ರಿ.” ಬೇರೆಯವರು ತಪ್ಪಿದರೆ ಅದು ಕೈತಪ್ಪು. ತಾನು ತಪ್ಪಿದರೆ ಇಡೀ ಓಣಿಯೇ ತಪ್ಪಿದ ಹಾಗೆ.

ಬೆಳಗಾದೊಡನೆ ಅಪ್ಪನನ್ನು ಕರೆದುಕೊಂಡು ದೇವದುರ್ಗದ ಬಸ್ಸು ಹತ್ತಿದಳು. ಯಾರಿಗೆ ಗೊತ್ತು, ಆ ಜಾತಿ ಅಲ್ಲಿಯೂ ಇದ್ದೀತು. ಒಂದೇ ಒಂದು ತುಣುಕು ಸಿಕ್ಕರೂ ಸಾಕಿತ್ತು. ಎಂಟು ಗಂಟೆಯಿಂದ ಬಂಡೆಯಿಂದ ಬಂಡೆಗೆ ಹುಡುಕಿದರು. ಹಳದಿ ಹಕ್ಕಳೆಗಳಿದ್ದವು, ಸುಣ್ಣ ಚೆಲ್ಲಿದಂಥ ಬಿಳಿ ಕಲೆಗಳಿದ್ದವು, ಕಾಡಿಗೆಯಂಥ ಕಪ್ಪಿತ್ತು. ಅಂಚು ಸುರುಳಿ ಸುತ್ತಿದ ಆ ಬೂದುಬಣ್ಣದ ಎಲೆ ಮಾತ್ರ ಇರಲಿಲ್ಲ. ಹೊತ್ತು ನೆತ್ತಿಗೆ ಬಂತು. ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಗದ್ದೆಪ್ಪ ನೀರು ತರಲು ಕೆಳಗಿಳಿದ.

ಅವಳ ಚೀಲದಲ್ಲಿ ಆ ಚಕ್ಕೆ ಇತ್ತು. ಅಂಟಿನ ಟ್ಯೂಬೂ ಇತ್ತು. ಬೆಳಿಗ್ಗೆ ಅದನ್ನು ಯಾಕೆ ಹಾಕಿಕೊಂಡೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಲು ಅವಳು ಅಂಜಿದ್ದಳು. ಎರಡು ಬಂಡೆಗಳ ನಡುವೆ, ನೆರಳಿದ್ದ ಕಡೆ ಬಗ್ಗಿ, ಬ್ಲೇಡಿನಿಂದ ಹೂವಿನ ಒಂದು ಎಸಳು ಬಿಡಿಸಿ ಕಲ್ಲಿಗೆ ಒತ್ತಿ ಹಿಡಿದಳು. ಮೇಕೆಯೊಂದು ಎಲ್ಲೋ ಕೆಮ್ಮಿದ್ದಕ್ಕೂ ತಿರುಗಿ ನೋಡಿದಳು.

“ಏನು ಮಾಡಾಕತ್ತಿ?”

ಅಪ್ಪ ನೀರಿನ ಬಾಟ್ಲಿ ಹಿಡಿದು ನಿಂತಿದ್ದ. ಅವಳು ಎಸಳನ್ನು ಮುಷ್ಟಿಯಲ್ಲಿ ಮುಚ್ಚಿದಳು, ಅದು ಪುಡಿಯಾಯಿತು.

ಗದ್ದೆಪ್ಪ ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ಕೇಳಿದ, “ಅಷ್ಟು ಅಂಜಿಕಿ ಬಂದದೇನವ್ವಾ?”

“ನನಗೊಬ್ಬಾಕಿಗೆ ಅಂದ್ರ ಅನ್ನಲಪ್ಪಾ. ‘ಈ ಮಂದಿನಾ ಹಿಂಗ’ ಅಂತಾರ. ನಾಳಿ ನಮ್ಮ ಓಣಿ ಹುಡುಗಿ ಇನ್ನೊಬ್ಬಾಕಿ ಹೋದ್ರೂ ನನ್ನ ಹೆಸರು ತಗದು ಅಂತಾರ.”

ಅವನು ನೀರಿನ ಬಾಟ್ಲಿಯನ್ನು ಅವಳ ಕೈಗೆ ಕೊಟ್ಟ.

“ಹಂಗಾರ ನನ್ನ ಮ್ಯಾಲ ಹಾಕು. ಓದು ಬರಲಾರದ ಮುದುಕ, ಕಲ್ಲು ಅದಲಿ ಬದಲಿ ಮಾಡಿದ ಅನ್ನು. ನನಗೇನು ನೌಕರಿ ಹೋಗ್ತದೇನು?”

ಆ ಮಾತು ಕೇಳಿದ್ದೇ ಅವಳಿಗೆ ಹಗುರಾಯಿತು. ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿದ ಹಾಗೆ. ಎಲ್ಲರೂ ನಂಬುತ್ತಾರೆ, ಅಯ್ಯೋ ಪಾಪ ಎಂದೂ ಅನ್ನುತ್ತಾರೆ. ಮರುಕ್ಷಣ ಆ ಹಗುರಕ್ಕೇ ಅವಳು ಬೆದರಿದಳು. ಕಲ್ಲು ಗುರುತಿಸಿದವನು ಅವನೊಬ್ಬನೇ. ಕಲ್ಲು ತಿಳಿಯದವನು ಎಂದು ಅವನ ಮೇಲೇ ಹೊರಿಸಲು ತಾನು ಎಷ್ಟು ಬೇಗ ಒಪ್ಪಿಬಿಟ್ಟೆ! ಬುಧವಾರದಿಂದ ಯಾವುದಕ್ಕೂ ಅವಳು ಅಷ್ಟು ಹೆದರಿರಲಿಲ್ಲ.

“ನಡಿಯಪ್ಪಾ, ಮನಿಗೆ ಹೋಗಮು,” ಎಂದಳು.

ಶುಕ್ರವಾರ ರಾಯಚೂರು ಸ್ಟೇಷನ್ನಿನಲ್ಲಿ ಪ್ರಭುರಾಜರು ಇಳಿದಾಗಲೇ ಹೇಳಿಬಿಡಬೇಕೆಂದಿದ್ದಳು. ಅವರು ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡು, ಮದುವೆಗೆ ಹೊರಟವರಂತೆ ಖುಷಿಯಲ್ಲಿದ್ದರು. ಆಗಲಿಲ್ಲ. ಜೀಪಿನಲ್ಲಿ ಹೇಳಬೇಕೆಂದಳು, ಗಬ್ಬೂರು ಬಂತು, ಹೋಯಿತು. ಗುಡ್ಡದ ಬುಡ ಬಂತು. ಎಪ್ಪತ್ತು ದಾಟಿದ ಆ ಮನುಷ್ಯ ಗದ್ದೆಪ್ಪನ ಕೈ ಹಿಡಿದು ಏದುಸಿರು ಬಿಡುತ್ತ ಹತ್ತಿದರು. ಮೇಲೆ ನಿಂತು ಸುತ್ತಲೂ ನೋಡಿದರು.

“ಎಲ್ಲಿ ಅದವಾ?”

ಅವಳು ಚೀಲದಿಂದ ಚಕ್ಕೆ ತೆಗೆದು ಕೊಟ್ಟಳು.

“ಸರ್, ತಿರುವಿ ನೋಡ್ರಿ.”

ಅವರು ತಿರುವಿದರು. ಭೂತಗನ್ನಡಿ ಬೇಕಾಗಲಿಲ್ಲ. ಮುಖದ ಮೇಲಿನ ಖುಷಿ ಮೆಲ್ಲಗೆ ಇಳಿದುಹೋಯಿತು.

“ಸಂಡೂರಿನದೇನು?”

“ಹೌದ್ರಿ.”

“ಯಾರು ಗುರ್ತು ಹಿಡದ್ರು?”

“ನಮ್ಮಪ್ಪ.”

“ಕವರ್ ಮ್ಯಾಲೆ ಬರದವರು?”

ಗದ್ದೆಪ್ಪ ಮುಂದೆ ಬಂದ. “ಸಾಹೇಬ್ರ, ಅದು ನಂದಾ ತಪ್ಪು...”

“ನಾನ್ರಿ,” ಎಂದಳು ಅವಳು, ಅಪ್ಪನ ಮಾತನ್ನು ಕತ್ತರಿಸಿ. ದನಿ ತನಗೇ ಗುರುತು ಸಿಗಲಿಲ್ಲ. “ನಾನಾ ಬರದೀನಿ. ನಮ್ಮಪ್ಪಂದು ಏನೂ ಇಲ್ಲ.”

ಪ್ರಭುರಾಜರು ಸಮಾಧಾನ ಹೇಳಲಿಲ್ಲ. “ಯಾವಾಗ ಗೊತ್ತಾತು?”

“ಬುಧವಾರ ಸಂಜಿಗೆ.”

“ನಿನ್ನೆ ಯಾಕ ಫೋನ್ ಮಾಡಲಿಲ್ಲ?”

ನಿನ್ನೆ ಏನು ಮಾಡುತ್ತಿದ್ದೆ ಎಂಬುದನ್ನೂ ಅವಳು ಹೇಳಿದಳು. ಅಂಟಿನ ಟ್ಯೂಬು, ನೆರಳಿನ ಬಂಡೆ, ಎಲ್ಲ.

“ಅದನ್ನ ಹೇಳೋ ಜರೂರತ್ತು ಇರಲಿಲ್ಲವಾ,” ಎಂದರು ಅವರು. ಆಮೇಲೆ ಅಷ್ಟೇ ಗಟ್ಟಿಯಾಗಿ, “ಉಳದ ಹದಿನಾರೂ ಈಗ ಅನುಮಾನದಾಗ ಬಂದ್ವು. ಒಂದೊಂದನ್ನೂ ತಿರುವಿ ನೋಡಬೇಕು. ತಿದ್ದುಪಡಿ ನೀನಾ ಬರಿ, ನಿನ್ನ ಹೆಸರಿನ ಮ್ಯಾಲೆ. ಯಜಮಾನ್ರ, ಕಲ್ಲು ನೋಡಾಕ ನೀವು ಕೂಡ್ತೀರೇನು?”

“ಕೂಡ್ತೀನ್ರಿ,” ಎಂದ ಗದ್ದೆಪ್ಪ.

ಆ ತಿಂಗಳ ನಾಲ್ಕು ರವಿವಾರವೂ ಪ್ರಭುರಾಜರು ಮಾನ್ವಿಗೆ ಬಂದರು. ಗದ್ದೆಪ್ಪ ಚಕ್ಕೆಯನ್ನು ಅಂಗೈಯಲ್ಲಿ ತೂಗಿ, ಬೆನ್ನ ಮೇಲೆ ಉಗುರು ಎಳೆದು, ಬೆಳಕಿಗೆ ಹಿಡಿದು, ಆಮೇಲೆ ಬಾಯಿ ಬಿಡುತ್ತಿದ್ದ. ಅವನು ಬಾಯಿ ಬಿಡುವ ತನಕ ಮೌನೇಶ್ವರಿ ಪೆನ್ನು ಹಿಡಿದು ಕಾಯುತ್ತಿದ್ದಳು. “ನಮ್ದಾ.” “ಇದೂ ನಮ್ದಾ, ನೀರಮಾನ್ವಿ ಕಡೀದು.” ಎರಡು ಜಾತಿಯ ಚಕ್ಕೆಗಳಿಗೆ ಮಾತ್ರ ಅವನು ತಲೆ ಅಲ್ಲಾಡಿಸಿದ: “ಹೇಳಾಕ ಬರಂಗಿಲ್ಲ.” ಪ್ರಭುರಾಜರು ಆ ಎರಡಕ್ಕೂ ಗೀಟು ಹಾಕಿದರು. ಹದಿನಾಲ್ಕು ಉಳಿದವು.

ತಿದ್ದುಪಡಿ ಆರು ಸಾಲಿನದು. ಬರೆಯಲು ಅವಳಿಗೆ ಎರಡು ದಿನ ಹಿಡಿಯಿತು. ಸ್ಟಾಫ್ ರೂಮಿನಲ್ಲಿ ಅವಳು ಅಂಜಿದ ಮಾತು ಬಂದೇ ಬಂತು, ಅವಳು ಅಂಜಿದ ಶಬ್ದಗಳಲ್ಲೇ. ಅವಳು ತಲೆ ತಗ್ಗಿಸಿ ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದಳು. ಪಿಎಚ್‌ಡಿ ಒಂದು ವರ್ಷ ಹಿಂದೆ ಬಿತ್ತು. ಪ್ರಭುರಾಜರ ಪುಸ್ತಕ ಅಚ್ಚಾದಾಗ ಹದಿನಾಲ್ಕು ಜಾತಿಗಳ ಪಕ್ಕ ಅವಳ ಹೆಸರಿತ್ತು; ಕಲ್ಲು ಗುರುತಿಸಿದವರು ಎಂದು ಗದ್ದೆಪ್ಪನ ಹೆಸರೂ ಇತ್ತು. ಅವಳು ಓದಿ ತೋರಿಸಿದಾಗ ಅವನು ಆ ಅಕ್ಷರಗಳ ಮೇಲೆ ಬೆರಳಿಟ್ಟು ಕೇಳಿದ:

“ಇದು ಖರೇನಾ ನಂದಾ ಹೆಸರೇನು? ಇನ್ನೊಂದು ಸಲ ನೋಡವ್ವಾ.”

ಅವಳು ಇನ್ನೊಂದು ಸಲ ನೋಡಿದಳು.