ನಡುನೀರಿನ ಉಸಿರು

ಪ್ಲಾಸ್ಟಿಕ್ ಚೀಲ ಪರಪರ ಎನ್ನುತ್ತಿದೆ, ಬಲಗಾಲಿಗೆ ತೊಟ್ಟುಕೊಂಡ ಚೀಲ, ಅದರ ಮೇಲಿಂದ ಜಾರಿ ಈಜುಡುಗೆ ತೊಡೆಗೆ ಹತ್ತಬೇಕು, ಹತ್ತುವುದಿಲ್ಲ, ಮೊಣಕಾಲಿನ ಹತ್ತಿರ ಹಟ ಹಿಡಿದು ಕೂತಿದೆ — ಉಗುರು ತಾಗಿಸಕೂಡದು, ಬೆರಳ ತುದಿಯಿಂದ ಚೂರುಚೂರೇ ಮೇಲೆಳೆಯಬೇಕು, ಉಗುರು ತಾಗಿತೋ ಪರ್ರನೆ ಹರಿದು ಎಲ್ಲ ಮುಗಿಯಿತು. ಬೆಳಿಗ್ಗೆ ಈ ಸರ್ಕಸ್ಸು ಒಮ್ಮೆ ಆಗಿದೆ, ಒದ್ದೆಯದನ್ನು ಸುಲಿದು ಹಾಕಿ ಈಗ ಇನ್ನೊಂದಕ್ಕೆ ಮತ್ತೆ ಮೊದಲಿಂದ ಶುರು, ಯಾವ ಜನ್ಮದ ಕರ್ಮವೋ. ಅಮ್ಮ ಇದನ್ನು ಮೊದಲ ಸಲ ಕೈಯಲ್ಲಿ ಹಿಡಿದು ಇದು ಯಾರ ಮಗೂಗೆ ಎಂದು ಕೇಳಿದ್ದಳು, ಬಟ್ಟೆ ಹೊಲಿಯುವವಳ ಕಣ್ಣು, ಒಂದು ಹೊಲಿಗೆನೂ ಇಲ್ವಲ್ಲೇ, ಅಂಟಿಸಿದಾರೆ, ನೀರಲ್ಲಿ ಬಿಟ್ಕೊಂಡ್ರೆ ಏನು ಗತಿ. ಎದುರು ಬೆಂಚಿನಲ್ಲಿ ಚಿಟ್ಟೆಯೂ ಅದೇ ಪಾಡು ಪಡುತ್ತಿದ್ದಾಳೆ, ನಾಲಗೆ ಕಚ್ಚಿಕೊಂಡು, ಹುಬ್ಬು ಗಂಟಿಕ್ಕಿಕೊಂಡು — ಹೆಸರು ಚಿಟ್ಟೆ, ಆದರೆ ಬಟರ್‌ಫ್ಲೈ ಈಜು ಎಂದರೆ ಓಡಿಹೋಗುತ್ತಾಳೆ, ಬರುವುದು ಫ್ರೀಸ್ಟೈಲ್ ಮಾತ್ರ. ಬೆಳಿಗ್ಗೆ ಈ ಕೋಣೆಯಲ್ಲಿ ಲೋಕದ ಭಾಷೆಗಳೆಲ್ಲ ಕಿವಿಗೆ ಬೀಳುತ್ತಿದ್ದವು, ಈಗ ಅವರೆಲ್ಲ ಊಟಕ್ಕೆ ಹೋದರು, ಶಾಲೆ ಬಿಟ್ಟ ಮೇಲೂ ಕೂಡಿಹಾಕಿದ ಮಕ್ಕಳ ಹಾಗೆ ಇವರಿಬ್ಬರೇ ಉಳಿದಿದ್ದಾರೆ. ಸಂಜೆಯ ಸೆಮಿಫೈನಲ್ಲಿಗೆ ಹದಿನಾರು ಮಂದಿ, ಹದಿನೈದು ಹೆಸರು ಬಂದಾಯಿತು, ಕೊನೆಯ ಜಾಗಕ್ಕೆ ಇಬ್ಬರು, ಗಡಿಯಾರಕ್ಕೂ ಬೇರೆ ಮಾಡಲಾಗದ ಹಾಗೆ ಒಟ್ಟಿಗೆ ಗೋಡೆ ಮುಟ್ಟಿದವರು, ಹಾಗಾದಾಗ ಆ ಇಬ್ಬರನ್ನೇ ಮತ್ತೆ ನೀರಿಗಿಳಿಸುತ್ತಾರೆ, ಗೆದ್ದವಳು ಒಳಗೆ, ಸೋತವಳು ಮನೆಗೆ — ಅದೂ ಯಾರು ಅಂತೀರಿ, ಒಂದೇ ಕೊಳದ ನೀರು ಕುಡಿದವರು, ಒಬ್ಬರೇ ಮಾಸ್ತರ ಹತ್ತಿರ ಬೈಸಿಕೊಂಡವರು. ಮಾಸ್ತರು ಕೈ ಎತ್ತಿಬಿಟ್ಟರು, ಇಬ್ರೂ ನನ್ನ ಮಕ್ಕಳೇ, ಇವತ್ತು ನಾನು ಯಾರ ಪರವಾಗೂ ಬಾಯಿ ಬಿಡಲ್ಲ ಎಂದು ತಲೆಯ ಮೇಲೆ ಟವೆಲ್ಲು ಹೊದ್ದುಕೊಂಡು ಹೋಗಿ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕೂತರು. ಚಿಟ್ಟೆಗಿನ್ನೂ ಮೀಸೆ ಬರದ ಹುಡುಗರನ್ನು ನೋಡಿ ನಗುವ ವಯಸ್ಸು, ಅವಳ ಮುಂದೆ ಬೇಕಾದಷ್ಟು ನೀರಿದೆ. ಇವಳಿಗೆ ಇದೇ ಕಡೆಯ ಕ್ರೀಡಾಕೂಟ, ಅದು ಅಮ್ಮನೊಬ್ಬಳಿಗೆ ಗೊತ್ತು, ಹೇಳಿದಾಗ ಅಮ್ಮ ಸೂಜಿಗೆ ದಾರ ಪೋಣಿಸುತ್ತ, ಸರಿ ಬಿಡು, ಇನ್ಮೇಲಾದ್ರೂ ತಲೆ ಒಣಗಿಸ್ಕೊಂಡು ಮಲಗು ಎಂದಳು, ಆಮೇಲೆ ಆ ದಾರ ಪೋಣಿಸಲು ಬಹಳ ಹೊತ್ತು ತೆಗೆದುಕೊಂಡಳು. ಸೋತರೆ ಈ ಊಟದ ಹೊತ್ತಿನ ಖಾಲಿ ಕೊಳವೇ ಕಡೆ, ಗೆದ್ದರೆ ಇನ್ನೊಂದು ಸಂಜೆ, ದೀಪ ಹಾಕಿದ, ಜನ ತುಂಬಿದ ಒಂದು ಸಂಜೆ, ಅದು ಬೇಕು, ಬೇಕೇ ಬೇಕು, ದುರಾಸೆ ಅನ್ನುವವರು ಅನ್ನಲಿ.

ಬೆಳಿಗ್ಗೆ ನಡುವೆ ಉಸಿರು ತೆಗೆದುಕೊಂಡದ್ದೇ ತಪ್ಪಾಯಿತು. ಗೋಡೆಯಿಂದ ಗೋಡೆಗೆ ಹೋಗುವುದಷ್ಟೇ ಈ ಪಂದ್ಯ, ತಿರುಗಿ ಬರುವುದಿಲ್ಲ, ಕಟ್ಟೆಯಿಂದ ಜಿಗಿಯುವಾಗ ಎದೆಗೆ ತುಂಬಿಕೊಂಡ ಗಾಳಿಯಲ್ಲೇ ಆಚೆ ದಡ ಮುಟ್ಟಬೇಕು, ತಲೆ ಹೊರಳಿಸಿದರೆ ಭುಜ ಹೊರಳುತ್ತದೆ, ಭುಜ ಹೊರಳಿದರೆ ಸೊಂಟ ಮುಳುಗುತ್ತದೆ, ಅಷ್ಟರಲ್ಲಿ ಪಕ್ಕದವಳು ಗೇಣು ಮುಂದೆ. ಎಷ್ಟೋ ವರ್ಷದಿಂದ ಇವಳು ನಡುವೆ ಉಸಿರೆಳೆದವಳಲ್ಲ, ಬೆಳಿಗ್ಗೆ ಅದೇನಾಯಿತೋ, ಅರ್ಧ ದಾರಿಯಲ್ಲಿ, ಲೇನಿನ ಹಗ್ಗದ ಬಿಲ್ಲೆಗಳು ಬಣ್ಣ ಬದಲಿಸುವ ಕಡೆ, ತಲೆ ತಾನಾಗಿ ಬಲಕ್ಕೆ ಹೊರಳಿತು, ಅಲ್ಲಿ, ಪಕ್ಕದ ಲೇನಿನಲ್ಲಿ, ಇವಳ ಕಡೆಗೇ ತಿರುಗಿದ ಚಿಟ್ಟೆಯ ಮುಖ, ಅರ್ಧ ನೀರಿನ ಮೇಲೆ, ಅರ್ಧ ಒಳಗೆ, ಗುಂಡಗೆ ತೆರೆದ ಬಾಯಿ, ಅವಳೂ ಅದೇ ಗಳಿಗೆಯಲ್ಲಿ ಉಸಿರೆಳೆಯುತ್ತಿದ್ದಳು — ಇಬ್ಬರೂ ಒಂದೇ ತಪ್ಪು ಮಾಡಿದರು, ಒಟ್ಟಿಗೇ ಮಾಡಿದರು, ಅದಕ್ಕೇ ಒಟ್ಟಿಗೇ ಗೋಡೆ ಮುಟ್ಟಿದರು. ವಯಸ್ಸಾಯಿತು ಅಷ್ಟೆ, ಎದೆ ಮೊದಲಿನ ಹಾಗೆ ಗಾಳಿ ಹಿಡಿಯುವುದಿಲ್ಲ, ಮಾಸ್ತರು ಹೇಳಲಿಲ್ಲ, ಆದರೆ ಅವರ ಕಣ್ಣು ಹೇಳಿತು. ಆ ಬಾಯಿ. ಈಜು ಕಲಿಯಲು ಬಂದ ಮೊದಲ ದಿನ ಹಗ್ಗ ಬಿಡೆನೆಂದು ಚಾವಣಿ ಹಾರಿಹೋಗುವಂತೆ ಅರಚಿದ್ದೂ ಅದೇ ಬಾಯಿ, ಆಗ ಮುಂದಿನ ಎರಡು ಹಲ್ಲಿರಲಿಲ್ಲ, ಇವಳು ಆ ಮಗುವಿನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ತೇಲಿಸಿದಳು, ಮೂಗಲ್ಲಿ ಗುಳುಗುಳು ಬಿಡು, ಬಾಯಲ್ಲಿ ತಗೋ, ನಾನು ಪಕ್ಕದಲ್ಲೇ ಇರ್ತೀನಿ, ನೋಡ್ತಾನೇ ಇರ್ತೀನಿ, ಹಾಗೆಂದು ಮಾತು ಕೊಟ್ಟು ಆ ವರ್ಷವಿಡೀ ಪಕ್ಕದ ಲೇನಿನಲ್ಲಿ ನಿಧಾನ ಈಜಿದಳು, ಕೊಳದ ನಡುವಿಗೆ ಬಂದಾಗಲೆಲ್ಲ ಬಲಕ್ಕೆ ತಿರುಗಿ ನೋಡುವುದು, ಮಗು ಗಾಳಿ ಕುಡಿಯುತ್ತಿದೆಯೋ ನೀರು ಕುಡಿಯುತ್ತಿದೆಯೋ. ಆಮೇಲೆ ಅದನ್ನೇ ಬಿಡಿಸುವ ಪಾಠ, ಉಸಿರಾಡಲು ಕಲಿಸಿದ್ದು ಒಂದು ವರ್ಷ, ಉಸಿರಾಡದಿರಲು ಕಲಿಸಿದ್ದಕ್ಕೆ ಲೆಕ್ಕವಿಲ್ಲ, ಇನ್ನೂ ಕಲಿತಿಲ್ಲ, ಹೆದರಿಕೆಯಾದರೆ ಸಾಕು ನಡುವೆ ಬಾಯಿ ತೆರೆಯುತ್ತಾಳೆ.

ಅಕ್ಕ, ಪಟ್ಟಿ. ಚಿಟ್ಟೆ ಬೆನ್ನು ತಿರುಗಿಸಿ ನಿಂತಿದ್ದಾಳೆ, ಭುಜದ ಪಟ್ಟಿ ಒಬ್ಬರೇ ಏರಿಸಿಕೊಳ್ಳಲಾಗದು, ಇನ್ನೊಬ್ಬರ ಕೈ ಬೇಕು, ಕೋಣೆಯಲ್ಲಿ ಇರುವ ಇನ್ನೊಬ್ಬರು ಇವಳೇ, ಎದುರಾಳಿಯ ಪಟ್ಟಿ ಏರಿಸುವ ಭಾಗ್ಯ. ಹೆಬ್ಬೆರಳು ತೂರಿಸಿ ಎಳೆಯುತ್ತಾಳೆ, ಬಿಗಿಯಾದ ಬಟ್ಟೆಯ ಕೆಳಗೆ ಚಿಟ್ಟೆಯ ಎದೆ ಢವಢವ ಹೊಡೆದುಕೊಳ್ಳುವುದು ಬೆರಳಿಗೆ ಗೊತ್ತಾಗುತ್ತದೆ, ಪಟ್ಟಿ ಟಪ್ಪನೆ ಕೂರುತ್ತದೆ. ಅಕ್ಕ, ನಡುವೆ ಒಂದು ಉಸಿರು ತಗೊಳ್ಳಲಾ, ಬೇಡ್ವಾ? ಕೇಳಿಯೇಬಿಟ್ಟಳು. ಪ್ರತಿ ಪಂದ್ಯದ ಮುಂಚೆ ಕೇಳುವ ಪ್ರಶ್ನೆ, ಬೆಳಿಗ್ಗೆಯೂ ಕೇಳಿದ್ದಳು, ಇವಳು ತನ್ನದೇ ಗಡಿಬಿಡಿಯಲ್ಲಿ ನಿಂಗೆ ಹೇಗೆ ಬೇಕೋ ಹಾಗೆ ಮಾಡು ಎಂದುಬಿಟ್ಟಿದ್ದಳು, ಮಗು ಕಂಗಾಲಾಗಿ ಬಾಯಿ ತೆರೆಯಿತು. ಈಗಲೂ ಹಾಗೇ ಅಂದರಾಯಿತು. ಅಥವಾ ತಗೋ ಎಂದರೆ, ಒಂದೇ ಒಂದು ತಗೋ ಪುಟ್ಟಿ ಎಂದರೆ, ಅವಳು ತಗೊಳ್ಳುತ್ತಾಳೆ, ಇವಳು ತಗೊಳ್ಳುವುದಿಲ್ಲ, ಗೇಣು ಸಿಕ್ಕಿತು, ಸಂಜೆ ಸಿಕ್ಕಿತು, ಯಾರಿಗೂ ತಿಳಿಯುವುದಿಲ್ಲ, ಮೇಲೆ ಟವೆಲ್ಲು ಹೊದ್ದು ಕೂತವರಿಗೂ ತಿಳಿಯುವುದಿಲ್ಲ, ಮಾತು ನಾಲಗೆಯ ತುದಿಗೆ ಬಂದಿತ್ತು, ಸಿಹಿಯಾಗಿಯೇ ಇತ್ತು. ಬೇಡ, ಎಂದಳು. ತಲೆ ಎತ್ತಲೇಬೇಡ, ಏನಾದ್ರೂ ಆಗ್ಲಿ. ಉಸಿರು ಸಾಲತ್ತೆ ನಿಂಗೆ, ನಂಗೊತ್ತು. ಚಿಟ್ಟೆ ಹೂಂ ಎಂದು ಟೋಪಿ ಎಳೆದುಕೊಂಡಳು, ಭಾರ ಇಳಿಸಿಕೊಂಡವಳ ಹಾಗೆ. ಭಾರ ಈಗ ಇವಳದು, ಎಂಥ ದಡ್ಡಿ ನೀನು, ಯಾರು ಕೊಡುತ್ತಾರೆ ಈ ಪುಣ್ಯಕ್ಕೆ ಪದಕ.

ಕೊಳದ ಪಕ್ಕ ಒಬ್ಬಾಕೆ ನೆಲ ಒರೆಸುತ್ತಿದ್ದಾಳೆ, ಇವರನ್ನು ಕಂಡು ಬಕೆಟ್ಟು ಪಕ್ಕಕ್ಕೆ ಸರಿಸಿದಳು, ಖಾಲಿ ಕುರ್ಚಿಗಳು ಸಾಲುಸಾಲು, ನೀರು ಅಲುಗದೆ ಬಿದ್ದುಕೊಂಡಿದೆ, ಬೆಳಿಗ್ಗೆಯ ಅವೇ ಎರಡು ಲೇನು, ಚಿಟ್ಟೆ ಬಲಕ್ಕೆ. ಕಟ್ಟೆ ಹತ್ತಿ ಬಾಗು, ಬೆರಳು ಅಂಚಿಗೆ, ಎದೆ ತುಂಬ ಗಾಳಿ, ಇಷ್ಟು ಸಾಕು, ತಲೆ ಎತ್ತುವುದಿಲ್ಲ, ಈ ಸಲ ಎತ್ತುವುದಿಲ್ಲ — ಸದ್ದಾಯಿತು, ಕಾಲು ಕಟ್ಟೆ ಬಿಟ್ಟಿತು, ನೀರು, ತಣ್ಣನೆ, ಕಾಲು ಕಾಲು ಕಾಲು, ಮೇಲೆ ಬಂದಾಯಿತು, ಕೈ ನೀರು ಹಿಡಿಯುತ್ತಿದೆ, ಆಹಾ ಎಷ್ಟು ಚೆನ್ನಾಗಿ ಹಿಡಿಯುತ್ತಿದೆ, ಇಂಥ ಹಿಡಿತ ವರ್ಷಕ್ಕೊಮ್ಮೆ, ಬಲಗಡೆ ಗುಳ್ಳೆಗಳು ತುಸು ಹಿಂದೆ, ಹಿಂದೆಯೇ, ಹುಡುಗಿ ಹಿಂದೆ ಬಿದ್ದಿದ್ದಾಳೆ, ಸಂಜೆ ಸಿಕ್ಕಿತು ಅಮ್ಮ, ಎದೆಯಲ್ಲಿ ಗಾಳಿ ಬೇಕಾದಷ್ಟಿದೆ, ಯಾರಂದದ್ದು ವಯಸ್ಸಾಯಿತೆಂದು, ಕೆಳಗೆ ಕಪ್ಪು ಗೆರೆ ಓಡುತ್ತಿದೆ, ಹಗ್ಗದ ಬಿಲ್ಲೆಗಳು ಬಣ್ಣ ಬದಲಿಸುತ್ತವೆ, ಹುಡುಗಿ ಹಿಂದೆ ಬಿದ್ದಿದ್ದಾಳೆ, ಯಾಕೆ, ಹೆದರಿದಳೋ, ನೀರು ಕುಡಿದಳೋ, ಬಾಯಿ ತೆರೆದಳೋ — ತಲೆ ಹೊರಳಿತು. ಉಸಿರಿಗಲ್ಲ. ಎದೆ ತುಂಬ ಗಾಳಿ ಇರುವಾಗ ತಲೆ ಹೊರಳಿತು, ಬೆಳಿಗ್ಗೆಯೂ ಉಸಿರಿಗಲ್ಲ, ಅಯ್ಯೋ, ಬೆಳಿಗ್ಗೆಯೂ ಉಸಿರಿಗಲ್ಲ, ನೋಡಲು, ಮಗುವನ್ನು ನೋಡಲು, ಭುಜ ಹೊರಳಿತು, ಸೊಂಟ ಮುಳುಗಿತು, ಮತ್ತು ಅಲ್ಲಿ ಬಾಯಿ ಇಲ್ಲ, ಮುಖ ಇಲ್ಲ, ನೀಲಿ ಟೋಪಿಯ ನೆತ್ತಿ, ನೀರಿನಲ್ಲಿ ಹುಗಿದ ಮುಖ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತ ಮುಂದೆ ಸರಿಯುತ್ತಿದೆ, ಗೇಣು ಮುಂದೆ, ಇವಳು ಎಳೆದಳು, ಇದ್ದ ಗಾಳಿಯನ್ನೆಲ್ಲ ಸುರಿದು ಎಳೆದಳು, ಗೋಡೆ ಕೈಗೆ ಬಡಿಯಿತು, ಪಕ್ಕದಲ್ಲಿ ಆಗಲೇ ಯಾರೋ ಅಕ್ಕ ಅಕ್ಕ ಎಂದು ಕೂಗುತ್ತಿದ್ದಾರೆ, ಬೋರ್ಡು ನೋಡಬೇಕಾಗಿಲ್ಲ, ಗೊತ್ತು, ಕಣ್ಣಿನೊಳಗೆ ಇನ್ನೂ ಅದೇ, ಒಮ್ಮೆಯೂ ಇತ್ತ ಹೊರಳದೆ, ನೀಲಿ ಟೋಪಿ, ಮುಖ ಕೆಳಗೆ, ನೀಲಿ ಟೋಪಿ