ಕೆಳಗಿನವರ ಅಕ್ಕಿ

ಸಿರಸಿಯ ಶರೀಫಾ ಮಗನ ಪ್ರಯಾಣಕ್ಕೆ ಬುತ್ತಿ ಕಟ್ಟುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಹಾಕಿದಳು. ಆ ಅಕ್ಕಿ ಮಗ ಹಯಾತನಿಗಲ್ಲ, ಸಮುದ್ರದ ಅಡಿಯಲ್ಲಿರುವವರಿಗೆ.

ಘಟ್ಟದ ಮೇಲಿನವರಿಗೆ ಸಮುದ್ರದ ಉಸಾಬರಿ ಯಾಕೆ ಎನ್ನಬೇಡಿ. ನಮ್ಮ ಮೆಣಸು, ಏಲಕ್ಕಿ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿದು ಬಂದರಿಗೆ ಹೋಗಬೇಕು. ಅಲ್ಲಿಂದ ಮಚವೆ, ಅಂದರೆ ಹಾಯಿ ಕಟ್ಟಿದ ಸರಕಿನ ದೋಣಿ ಹತ್ತಿ ಬೊಂಬಾಯಿ ಸೇರಬೇಕು. ಸರಕಿನ ಜೊತೆ ಮನೆಯವನೊಬ್ಬ ಹೋಗುವುದು ಶರೀಫಾಳ ಮನೆಯ ರೂಢಿ.

ಬಂದರು ಬಿಟ್ಟು ಸ್ವಲ್ಪ ದೂರ ಹೋದರೆ ಒಂದು ಜಾಗ ಸಿಗುತ್ತದೆ. ಅದಕ್ಕೆ ಹೆಸರಿಲ್ಲ. ಹೆಸರಿಡುವ ಧೈರ್ಯ ಯಾರಿಗಿದೆ ಹೇಳಿ! ಗಾಳಿಯೇ ಇಲ್ಲದ ದಿನವೂ ಅಲ್ಲಿ ನೀರು ಗುಳುಗುಳು ಕುದಿಯುತ್ತದೆ. ಕೊಳೆತ ಮೊಟ್ಟೆಯ ನಾತ ಮೂಗಿಗೆ ಹೊಡೆಯುತ್ತದೆ. ಕೆಲವು ದಿನ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ಮುಳುಗಿ ಸತ್ತವರೆಲ್ಲ ಅಡಿಯಲ್ಲಿ ಒಲೆ ಹೂಡಿ ಅನ್ನ ಬೇಯಿಸುತ್ತಾರೆ, ಅವರಿಗೆ ಅಕ್ಕಿ ಸಾಲದು ಎಂಬುದು ದೋಣಿಯವರ ನಂಬಿಕೆ. ಅದಕ್ಕೇ ಅಲ್ಲಿ ಹಾಯಿ ಇಳಿಸಿ, ಲಂಗರು ಹಾಕಿ, ಒಂದು ಹಿಡಿ ಅಕ್ಕಿ ಬಿಟ್ಟು, ಕುದಿ ನಿಲ್ಲುವವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು. ದಡಕ್ಕೆ ಬಂದ ಮೇಲೆ ಆ ಜಾಗ ಎಲ್ಲಿದೆಯೆಂದು ಹೇಳಲೂ ಬಾರದು. ಹೇಳಿದವರ ಮನೆಯವರನ್ನು ಕೆಳಗಿನವರು ಕರೆಸಿಕೊಳ್ಳುತ್ತಾರಂತೆ.

ಶರೀಫಾಳ ಗಂಡ ಅಲ್ಲಾವುದ್ದೀನ್ ಕಳೆದ ಬೇಸಿಗೆಯಲ್ಲಿ ಹೋದದ್ದು ಅಲ್ಲೇ. ದೋಣಿ ಒಡೆಯಿತು. ಅವನ ತಮ್ಮ ಸುಭಾನ್ ಹಲಗೆಯೊಂದನ್ನು ಹಿಡಿದು ಬದುಕಿ ಬಂದ. ಅಣ್ಣನ ಕೈ ಹಿಡಿದಿದ್ದನಂತೆ, ಕೈ ಜಾರಿತು, ಆ ಕೈಗೆ ಸುತ್ತಿದ್ದ ರುಮಾಲು ಉಳಿಯಿತು. ಲಂಗರಿನ ಹಗ್ಗ ಎಳೆಯುವಾಗ ಆ ರುಮಾಲಿಗೆ ಕಪ್ಪು ಕೆಸರು ಮೆತ್ತಿತ್ತು. ಶರೀಫಾ ಅದನ್ನು ತೊಳೆಯಲಿಲ್ಲ. ತಗಡಿನ ಡಬ್ಬಿಯಲ್ಲಿ ಹಾಗೇ ಮುಚ್ಚಿಟ್ಟಳು.

ಈಗ ಮಳೆಗಾಲ ಮುಗಿದು ಬಂದರು ತೆರೆದಿತ್ತು. ಅಪ್ಪನ ಜಾಗಕ್ಕೆ ಹಯಾತ ಹೊರಟಿದ್ದ.

ಅಕ್ಕಿ ಗಂಟು ಕಟ್ಟುವ ಹೊತ್ತಿಗೆ ಪಕ್ಕದ ಮನೆಯ ಚಂದ್ರಶೇಖರಪ್ಪ ಬಂದ. ಹಾವೇರಿ ಕಡೆಯವನು, ಸಮುದ್ರ ಅಳೆಯುವ ದೋಣಿಯಲ್ಲಿ ನಕ್ಷೆ ಬರೆಯುವ ಕೆಲಸ. ರಜೆಗೆ ಮನೆಗೆ ಬಂದಿದ್ದ.

"ಹಯಾತ ಯಾವಾಗ ಹೊಂಡ್ತಾನ್ರಿ, ಶರೀಫಕ್ಕ?"

"ಬರೋ ಹುಣ್ಣಿಮೆಗೆ."

"ಅಲ್ಲೆ ನೀರು ಕುದಿಯೋ ಜಾಗ ಐತಂತ. ಎಲ್ಲೈತಿ ಅಂದ್ರ ಒಬ್ರೂ ಬಾಯಿ ಬಿಡವಲ್ರು. ಸುಭಾನಣ್ಣ, ನೀವು ಕಣ್ಣಾರೆ ಕಂಡೋರು. ಹೇಳ್ರಿ, ಹಗ್ಗ ಬಿಟ್ಟು ನೋಡ್ತೀವಿ."

ಜಗುಲಿಯಲ್ಲಿ ಕೂತಿದ್ದ ಸುಭಾನ್ ಸಿಡುಕಿದ. "ಹಗ್ಗ ಬಿಟ್ಟು ಎಂತ ನೋಡ್ತೀರಿ ಮಾರಾಯ್ರೆ? ಕಡಲೇನು ನಿಮ್ಮನೆ ಬಾವಿಯಾ?"

"ಹಗ್ಗದ ತುದಿಗೆ ಸೀಸದ ಗುಂಡು ಇರ್ತೈತ್ರಿ. ಗುಂಡಿನ ಅಡಿಗೆ ಕೊಬ್ಬು ಮೆತ್ತಿ ಬಿಡ್ತೀವಿ. ಎಷ್ಟು ಮಾರು ಹಗ್ಗ ಇಳೀತೋ ಅಷ್ಟು ಆಳ. ಕೊಬ್ಬಿಗೆ ಮರಳು ಅಂಟಿ ಬಂದ್ರ ಕೆಳಗ ಮರಳು. ಕೆಸರು ಅಂಟಿ ಬಂದ್ರ ಕೆಸರು. ಏನೂ ಅಂಟದ ಜಜ್ಜಿ ಬಂತು ಅಂದ್ರ ಬಂಡಿಗಲ್ಲು. ಹಂಗ ಅಳದು ಅಳದು ತಳದ ನಕ್ಷೆ ಬರೀತೀವಿ. ದೊಡ್ಡ ಹಡಗಿನಾಗ ಈಗ ಹಗ್ಗಾನೂ ಬ್ಯಾಡ. ಕೆಳಗ ಸದ್ದು ಬಿಡ್ತಾರ, ಅದು ತಿರುಗಿ ಬರೋದು ಎಷ್ಟೊತ್ತಾತು ಅಂತ ನೋಡಿ ಆಳ ತಿಳ್ಕೋತಾರ."

ಶರೀಫಾ ಅಕ್ಕಿ ಗಂಟನ್ನು ಕೆಳಗಿಟ್ಟಳು. "ಕೆಳಗಿಂದ ಯಾರು ಉತ್ತರ ಕೊಡ್ತಾರೆ?"

"ನೆಲ ಕೊಡ್ತೈತ್ರಿ. ಬ್ಯಾರೆ ಯಾರೂ ಇಲ್ಲ."

"ಯಾರೂ ಇಲ್ವಾ?" ಶರೀಫಾಳಿಗೆ ಸಿಟ್ಟೇ ಬಂತು. ಒಳಗಿಂದ ಡಬ್ಬಿ ತಂದು ಅವನ ಮುಂದಿಟ್ಟು ಮುಚ್ಚಳ ಕಿತ್ತಳು. "ಹಾಗಾದ್ರೆ ಇದು ಯಾರ ವಾಸನೆ?"

ನಾತ ಜಗುಲಿಯ ತುಂಬ ಹರಡಿತು. ಸುಭಾನ್ ಮುಖ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತ. ಚಂದ್ರಶೇಖರಪ್ಪ ಬಗ್ಗಿ ಮೂಸಿದ. "ಬರ್ರಿ ಎಲ್ಲಾರೂ, ಕೆರಿಗೆ ಹೋಗೂಣು" ಎಂದ.

ಮನೆಯ ಹಿಂದಿನ ಕೆರೆಯ ಮೇಲೆ ಮರಗಳು ಬಾಗಿದ್ದವು. ವರ್ಷಗಟ್ಟಲೆ ಎಲೆ ಉದುರಿ ನೀರು ಕಪ್ಪಾಗಿತ್ತು. ಚಂದ್ರಶೇಖರಪ್ಪ ಉದ್ದನೆಯ ಬಿದಿರು ಗಳ ಹಿಡಿದು ತಳದ ಕೆಸರಿಗೆ ಚುಚ್ಚಿದ. ಮೊದಲು ಏನೂ ಆಗಲಿಲ್ಲ. ಕಪ್ಪೆಗಳೂ ಸುಮ್ಮನಾದವು. ಆಮೇಲೆ ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಲೇ ನೀರು ಗುಳುಗುಳು ಕುದಿಯತೊಡಗಿತು. ಜೊತೆಗೆ ಬಂದದ್ದು ಡಬ್ಬಿಯ ಅದೇ ನಾತ.

"ಯಾ ಅಲ್ಲಾ!" ಶರೀಫಾ ಮಗನ ತೋಳು ಗಟ್ಟಿಯಾಗಿ ಹಿಡಿದಳು. "ಇಲ್ಲಿಗೂ ಬಂದ್ರಾ!" ಕೆಳಗಿನವರು ಘಟ್ಟ ಹತ್ತಿ ತನ್ನ ಹಿತ್ತಲಿಗೇ ಬಂದರೆಂದು ಅವಳು ಮಗನನ್ನು ಹಿಂದಕ್ಕೆ ಎಳೆದಳು.

"ಈ ಕೆರ್ಯಾಗ ಯಾರು ಸತ್ತಾರ, ಶರೀಫಕ್ಕ?"

"ಇಲ್ಲಿ... ಯಾರೂ ಸತ್ತಿಲ್ಲ."

"ಮತ್ತ ಅಡಗಿ ಯಾರು ಮಾಡಾಕತ್ತಾರ? ಎಲೆ ಕೊಳೆತು ಕೆಸರಿನಾಗ ಗಾಳಿ ಕಟ್ಟಿಕೊಂಡೈತ್ರಿ. ದಾರಿ ಸಿಕ್ಕಾಗ ಮ್ಯಾಲೆ ಬರ್ತೈತಿ. ಮಳೆಗಾಲದಾಗ ನಮ್ಮ ಘಟ್ಟದ ಎಲೆ, ಕಟ್ಟಿಗಿ ಎಲ್ಲಾ ಹೊಳಿ ಹೊತ್ಕೊಂಡು ಹೋಗಿ ಸಮುದ್ರಕ್ಕ ಹಾಕ್ತಾವು. ಅಲ್ಲೇನು ಅವು ಕೊಳೆಯೂದಿಲ್ಲೇನು?"

"ನಮ್ಮ ಎಲೆಯಾ?" ಶರೀಫಾ ನೀರನ್ನೇ ನೋಡುತ್ತ ನಿಂತಳು.

ಆಗ ಸುಭಾನ್ ಬಾಯಿ ಬಿಟ್ಟ. ಯಾರ ಮುಖವನ್ನೂ ನೋಡದೆ ಹೇಳಿದ. "ಲಂಗರು ನಿಲ್ಲಲೇ ಇಲ್ಲ, ಭಾಬಿ. ಮೊಸರಲ್ಲಿ ಸೌಟು ಬಿಟ್ಟ ಹಾಗೆ ಜಾರ್ತಿತ್ತು. ಎಳೆದ್ರೆ ಬರೀ ಕೆಸರು. ದೋಣಿ ಸದ್ದೇ ಇಲ್ದೆ ಸರೀತಾ ಹೋಯ್ತು. ಆಮೇಲೆ ಕೆಳಗಿಂದ ಬಾಗಿಲು ತಟ್ಟಿದ ಹಾಗೆ ತಟ್ಟಿದ್ರು. ಅಣ್ಣ ಬಗ್ಗಿ, 'ಯಾರದು?' ಅಂತ ಕೇಳಿದ. ಮತ್ತೆ ತಟ್ಟಿದ್ರು. ದೋಣಿ ಸೀಳಿತು."

ಕೆರೆಯಲ್ಲಿ ಉಳಿದಿದ್ದ ಗುಳ್ಳೆಗಳು ನಿಂತವು.

"ದೋಣಿ ತಳಕ್ಕ ಬಡದದ್ದು ಬಂಡಿಗಲ್ಲು ಇರಬೇಕು" ಎಂದ ಚಂದ್ರಶೇಖರಪ್ಪ ಮೆಲ್ಲಗೆ. "ಆದ್ರ ಅಳತಿ ಮಾಡದ ನಾ ಹೇಳೂದಿಲ್ಲ. ಸಮುದ್ರ ದೊಡ್ಡದು, ಎಲ್ಲಾ ಕಡೆ ಹಗ್ಗ ಬಿಡಾಕ ಆಗೂದಿಲ್ಲ. ಜಾಗ ಯಾವುದು ಹೇಳ್ರಿ."

"ಹೇಳಿದ್ರೆ ಕರೀತಾರೆ..."

"ಹೇಳು ಸುಭಾನ್" ಎಂದಳು ಶರೀಫಾ. "ಕರೆಯೋದಾದ್ರೆ ನನ್ನನ್ನ ಕರೀಲಿ. ನನ್ನ ಮಗ ಗೊತ್ತಿಲ್ದೆ ಅಲ್ಲಿ ಹೋಗಿ ನಿಲ್ಲೋದು ಬೇಡ."

ಸುಭಾನ್ ಹೇಳಿದ. ಗುಡ್ಡದ ಕೊರಕಲಿಗೆ ಸರಿಯಾಗಿ ಒಂಟಿ ತಾಳೆಮರ ಕಂಡಾಗ ಲಂಗರು ಹಾಕಿದ್ದು ಎಂದ. ಚಂದ್ರಶೇಖರಪ್ಪ ರಜೆ ಮುಗಿಯುವುದನ್ನೂ ಕಾಯದೆ ಘಟ್ಟ ಇಳಿದ.

ಹುಣ್ಣಿಮೆಗೆ ಮೊದಲೇ ಅವನು ನಕ್ಷೆ ತಂದು ಜಗುಲಿಯ ಮೇಲೆ ಹಾಸಿದ. "ಇದು ಪೂರಾ ಕರಿ ಕೆಸರು. ಗುಳ್ಳೆ ಏಳೋದು ಇಲ್ಲೇ. ಇಂಥಾ ಕೆಸರು ಲಂಗರು ಹಿಡಿಯೂದಿಲ್ಲ. ಇದರ ಪಕ್ಕದಾಗ ನೋಡ್ರಿ, ಕೊಬ್ಬು ಜಜ್ಜಿ ಬಂತು. ನೀರಿನ ಒಳಗ ಬಂಡಿಗಲ್ಲು ಗೋಡಿ ಹಂಗ ನಿಂತೈತಿ. ಸಮುದ್ರ ಶಾಂತ ಇದ್ದಾಗ ಮ್ಯಾಲೆ ಒಂದು ಅಲೆನೂ ಒಡಿಯೂದಿಲ್ಲ, ಯಾರಿಗೂ ಕಾಣೂದಿಲ್ಲ. ಸುಮ್ಮನ ದಾಟಿ ಹೋಗಿದ್ರ ಏನೂ ಆಗ್ತಿರಲಿಲ್ರಿ. ಅಲ್ಲೆ ನಿಂತಿದ್ದಕ್ಕ ಆತು."

ಶರೀಫಾ ಗೋಳೋ ಎಂದು ಅತ್ತಳು. "ನಿಲ್ಲದೆ ಮಾತ್ರ ಹೋಗ್ಬೇಡಿ ಅಂತ ನಾನೇ ಆಣೆ ಹಾಕಿದ್ದೆ. ಅಕ್ಕಿ ಗಂಟು ಕಟ್ಟಿ ಕೊಟ್ಟೋಳು ನಾನೇ." ಸುಭಾನ್ ಅವಳ ಹತ್ತಿರ ಕೂತು ತಾನೂ ಅತ್ತ. ಬೇಸಿಗೆಯಿಂದ ಕಟ್ಟಿಕೊಂಡಿದ್ದ ಅಳು ಅದು.

ಹಯಾತ ಹೊರಡುವ ದಿನ ಶರೀಫಾ ಬುತ್ತಿಯ ಜೊತೆಗಿದ್ದ ಬಿಳಿ ಗಂಟನ್ನು ತೆಗೆದಳು. ಬಿಚ್ಚಿ, ಅಕ್ಕಿಯನ್ನು ತೊಳೆದು ಒಲೆಯ ಮೇಲಿಟ್ಟಳು. ನೀರು ಗುಳುಗುಳು ಎಂದಿತು. ಅವಳು ಒಲೆ ಬಿಟ್ಟು ಏಳಲಿಲ್ಲ.

"ಈ ಅಕ್ಕಿ ಇಲ್ಲೇ ಬೇಯಲಿ, ಬೇಟಾ. ನೀನು ಉಂಡು ಹೋಗು. ಅಲ್ಲಿ ನಿಲ್ಲಬೇಡ."

ಹಯಾತ ಉಂಡು ಹೋದ, ಬೊಂಬಾಯಿ ಮುಟ್ಟಿದ, ಹಿಂದಿರುಗಿಯೂ ಬಂದ. ಆ ಜಾಗ ದಾಟುವಾಗ ಅಂದೂ ನೀರು ಕುದಿಯುತ್ತಿತ್ತಂತೆ. ದೋಣಿಯವರು ನಕ್ಷೆ ನೋಡಿ ಬಂಡೆಯಿಂದ ದೂರ ಸರಿದು, ಹಾಯಿ ಇಳಿಸದೆ ದಾಟಿದರು. ಯಾರೂ ತಟ್ಟಲಿಲ್ಲ.

ಕೇಳಿದಿರಲ್ಲ, ಅಕ್ಕಂದಿರೆ, ಅಣ್ಣಂದಿರೆ? ನಿಮ್ಮ ಮನೆಯವರೂ ಕಡಲಿಗೆ ಹೋಗುತ್ತಾರೆ. ಬಲೆ ಹರಿದ ಜಾಗ, ಲಂಗರು ಜಾರಿದ ಜಾಗ, ನೀರು ಕುದಿದ ಜಾಗ ಗೊತ್ತಿದ್ದರೆ ಮುಚ್ಚಿಡಬೇಡಿ, ಆಳ ಅಳೆಯುವವರಿಗೆ ಬಾಯಿ ಬಿಟ್ಟು ಹೇಳಿ. ದೋಣಿ ಹತ್ತುವ ಮೊದಲು ಅದನ್ನು ನಡೆಸುವ ತಂಡೇಲನ ಹತ್ತಿರ ತಳದ ನಕ್ಷೆ ಇದೆಯೇ ಎಂದು ಕೇಳಿ. ಹೋದವರ ಹೆಸರಿನಲ್ಲಿ ಅಕ್ಕಿ ಕೊಡಲೇಬೇಕೆಂದು ಮನಸ್ಸು ಹೇಳಿದರೆ ಕೊಡಿ, ಬೇಡವೆನ್ನುವವರು ಯಾರು? ಆದರೆ ದಡದಲ್ಲಿ ನಿಂತು ಕೊಡಿ.