ಮನೆ ಕಾಯಲು ಉಳಿದವಳು

ಅಮ್ಮನ ಶವಪೆಟ್ಟಿಗೆಯ ಮೊಳೆಗೆ ಕಲ್ಲಿನಿಂದ ಇನ್ನೊಂದು ಏಟು ಹಾಕಲು ಕೈಯೆತ್ತಿದಾಗ ಸದಾಯೊಳ ಮೂಗಿಗೆ ಆ ಎಣ್ಣೆಯ ವಾಸನೆ ಬಂತು. ಕಾಗದದ ಕೊಡೆಗೆ ಹಚ್ಚುತ್ತಿದ್ದ ಎಣ್ಣೆ. ಅವಳು ಚಿಕ್ಕವಳಿದ್ದಾಗ ಅಪ್ಪ ಅಮ್ಮ ಇದೇ ಕೋಣೆಯಲ್ಲಿ ಕೂತು ಕೊಡೆ ಕಟ್ಟುತ್ತಿದ್ದರು. ಅವಳ ಕೂದಲಿಗೆ, ಶಾಲೆಯ ಪುಸ್ತಕಕ್ಕೆ, ತಟ್ಟೆಯ ಅನ್ನಕ್ಕೂ ಅದೇ ವಾಸನೆ ಇರುತ್ತಿತ್ತು. ಕಸುಬು ನಿಂತು ಎಷ್ಟೋ ಕಾಲವಾಗಿತ್ತು. ಕಳೆದ ತಿಂಗಳು ಲಾರಿ ಗುದ್ದಿ ಗೋಡೆಯ ಹಲಗೆಗಳು ಸೀಳಿದ ಮೇಲೆ, ಮರದೊಳಗೆ ಇಂಗಿದ್ದದ್ದು ಹೊರಗೆ ಬಂದಿತ್ತು.

"ಇನ್ನೂ ಗಟ್ಟಿಯಾಗಿ ಹೊಡಿ," ಎಂದ ಸೋದರಮಾವ ತೊರಾಕಿಚಿ. "ಹಿಂಗೆ ಮುದ್ದು ಮಾಡಿದ್ರೆ ಅಕ್ಕ ಎದ್ದು ಕೂತು ನಮಗೇ ಬೈತಾಳೆ."

ಅವಳು ಹೊಡೆದಳು. ಮೊಳೆ ಇಳಿಯಿತು. ನಾಲ್ವರು ಪೆಟ್ಟಿಗೆ ಎತ್ತಿ ಬೀದಿಯಲ್ಲಿ ನಿಂತಿದ್ದ ಗಾಡಿಗೆ ಏರಿಸಿದರು. ಸದಾಯೊ ಹೊಸ್ತಿಲಲ್ಲೇ ನಿಂತಳು.

"ಹತ್ತು ಬೇಗ."

"ನಾನು ಬರಲ್ಲ ಮಾವ."

"ಬರಲ್ಲ ಅಂದ್ರೆ? ಸುಟ್ಟ ಮೇಲೆ ಮೂಳೆ ಎತ್ತೋರು ಯಾರು? ಇಬ್ಬರು ಸೇರಿ ಒಂದೊಂದು ಮೂಳೇನೂ ಕಡ್ಡೀಲಿ ಹಿಡಿದು ಗಡಿಗೆಗೆ ಹಾಕ್ಬೇಕು. ನಾನೊಬ್ಬನೇ ಎರಡೂ ಕೈಲಿ ಕಡ್ಡಿ ಹಿಡಿದು ಕುಣೀಲಾ? ಮನೆ ಕಾಯೋಕೆ ಅಕ್ಕಪಕ್ಕದವರು ಉಳೀತಾರೆ. ಮಗಳು ಉಳಿಯೋದನ್ನ ನಾ ಕಂಡಿಲ್ಲ."

"ಅಕ್ಕಪಕ್ಕ ಎಲ್ಲಿದೆ, ತೋರಿಸು."

ತೊರಾಕಿಚಿ ಅತ್ತಿತ್ತ ನೋಡಿದ. ಎರಡೂ ಕಡೆ ಮನೆಗಳನ್ನು ಕೆಡವಿ ತಂತಿಬೇಲಿ ಹಾಕಿದ್ದರು. ಟೋಕಿಯೊದ ನೆಲಕ್ಕೆ ಹುಚ್ಚು ಬೆಲೆ ಬಂದಿದ್ದ ಕಾಲ ಅದು. ಮನೆ ಅಮ್ಮನದು, ಕೆಳಗಿನ ನೆಲ ನಾಗುಮೊ ಮನೆತನದ್ದು. ಇಪ್ಪತ್ತು ವರ್ಷಕ್ಕೊಮ್ಮೆ ಹಿರಿಯ ನಾಗುಮೊ ಬಂದು, ಚಹ ಕುಡಿದು, ಗುತ್ತಿಗೆಯನ್ನು ಮುಂದುವರಿಸಿ ಹೋಗುತ್ತಿದ್ದರು. ಅವರು ಸತ್ತ ಮೇಲೆ ಮಗ ನೆಲವನ್ನು ಒಂದು ಕಂಪನಿಗೆ ಮಾರಿದ. ಗುತ್ತಿಗೆಯ ಅವಧಿ ನಾಡಿದ್ದು ಮುಗಿಯುತ್ತದೆ. ಅಂದು ನೆಲದ ಮೇಲೆ ಮನೆ ನಿಂತಿದ್ದರೆ, ಒಡೆಯ ಒಪ್ಪಲಿ ಬಿಡಲಿ, ಕಾನೂನಿನ ಪ್ರಕಾರ ಸದಾಯೊ ಗುತ್ತಿಗೆಯನ್ನು ಮುಂದುವರಿಸಬಹುದು. ಮನೆ ಬಿದ್ದಿದ್ದರೆ ಕೇಳಲು ಏನೂ ಉಳಿಯುವುದಿಲ್ಲ.

"ಸಾವಿನ ದಿನವೂ ಕಂಪನಿಯವರು ಕೆಡವೋಕೆ ಬರ್ತಾರೇನೇ?"

"ಇವತ್ತೇ ಬರ್ತಾರೆ. ಮನೆ ಖಾಲಿ ಇರುತ್ತೆ ಅಂತ ಅವರಿಗೂ ಗೊತ್ತು."

ಬೇಲಿಯ ಪಕ್ಕದಲ್ಲಿ ಕಪ್ಪು ಕಿಮೊನೊ ಉಟ್ಟ ಹೆಂಗಸೊಬ್ಬಳು ತಲೆ ಬಗ್ಗಿಸಿ ನಿಂತಿದ್ದಳು. ಮೊದಲು ಪಕ್ಕದ ಮನೆಯಲ್ಲಿದ್ದ ಹೊಸಾಕ.

"ಇವಳನ್ನ ಯಾರು ಕರೆದದ್ದು?" ಎಂದ ತೊರಾಕಿಚಿ, ಅವಳಿಗೆ ಕೇಳಿಸಲೆಂದೇ.

*

ಹೊಸಾಕ ತನ್ನ ಮನೆ ಬಿಟ್ಟುಕೊಡಲು ಸಹಿ ಹಾಕಿದ್ದು ಹಿಂದಿನ ಚಳಿಗಾಲ. ಕಂಪನಿಯವರು ಅವಳ ಗಂಡನ ದವಡೆ ಮುರಿದ ಮಾರನೆಯ ವಾರ. ಹೋಗಿ ಬರುತ್ತೇನೆಂದು ಹೇಳಲು ಬಂದವಳ ಮೇಲೆ ಸದಾಯೊಳ ಅಮ್ಮ ಮಾಸು ಒಂದು ಬಕೆಟ್ ತಣ್ಣೀರು ಸುರಿದು ಕೆನ್ನೆಗೆ ಬಾರಿಸಿದಳು.

"ಅವರು ನನ್ನ ಬಾಗಿಲಿಗೆ ಸತ್ತ ಬೆಕ್ಕು ಕಟ್ಟಿದ್ರು, ನಾ ಸಹಿ ಹಾಕಿದ್ನಾ?"

"ನಿಮಗೆ ಮುರಿಯೋಕೆ ಗಂಡ ಇಲ್ಲವಲ್ಲ," ಎಂದಳು ಹೊಸಾಕ, ಹಲ್ಲು ಕಡಕಡ ಎನ್ನುತ್ತ.

ಮಾಸು ಬಾಗಿಲು ಹಾಕಿಕೊಂಡಳು. ಆಮೇಲೆ ಅದನ್ನು ಸ್ವಲ್ಪ ತೆರೆದು, ತಾನು ತೊಟ್ಟಿದ್ದ ಹತ್ತಿಯ ದಪ್ಪ ಅಂಗಿಯನ್ನು ಬಿಚ್ಚಿ ಹೊರಗೆ ಎಸೆದಳು.

"ಹಾಕ್ಕೊಂಡು ಹೋಗು. ಚಳಿಗೆ ಸತ್ರೆ ಅದೂ ನನ್ನ ತಲೆ ಮೇಲೇ ಬರುತ್ತೆ."

*

"ಹೊಸಾಕ ಅಕ್ಕ," ಎಂದು ಸದಾಯೊ ಕರೆದಳು. "ಮಾವನ ಜೊತೆ ನೀವು ಹೋಗಿ ಅಮ್ಮನ ಮೂಳೆ ಎತ್ತಿ."

"ನಾನಾ? ಬೂದಿಯಾಗಿದ್ರೂ ನನ್ನ ಮುಖಕ್ಕೆ ಉಗೀತಾಳೆ ಕಣೇ."

"ಉಗೀಲಿ. ಒರೆಸ್ಕೊಳ್ಳಿ."

ಹೊಸಾಕ ಗಾಡಿ ಹತ್ತಿದಳು. ತೊರಾಕಿಚಿ ಗೊಣಗುತ್ತಲೇ ಅವಳಿಗೆ ಜಾಗ ಬಿಟ್ಟು ಸರಿದು ಕೂತ.

ಗಾಡಿ ತಿರುವು ದಾಟಿದ ಸ್ವಲ್ಪ ಹೊತ್ತಿಗೆ ಲಾರಿ ಬಂತು.

ಮೊದಲು ಒಳಗೆ ಬಂದವನು ಸುಗಾಯ, ಕಂಪನಿಯ ಪರವಾಗಿ ಯಾವಾಗಲೂ ಬರುತ್ತಿದ್ದವನು. ನಡುಗಂಬದ ಬಳಿ ಕೂತಿದ್ದ ಸದಾಯೊಳನ್ನು ಕಂಡು ಒಂದು ಗಳಿಗೆ ನಿಂತ. ರೂಢಿಯಂತೆ ಬೂಟು ಬಿಚ್ಚಿ, ಜೋಡಿಸಿಟ್ಟು, ಮಾಸುವಿನ ಫೋಟೋದ ಮುಂದೆ ಮಂಡಿಯೂರಿ ಊದುಬತ್ತಿ ಹಚ್ಚಿ ಕೈ ಮುಗಿದ.

"ಗಟ್ಟಿಗಿತ್ತಿ ಅಜ್ಜಿ," ಎಂದ. "ಹೆತ್ತವಳ ಮೂಳೆಗೂ ಹೋಗದ ಮಗಳನ್ನ ಇವತ್ತೇ ನೋಡಿದ್ದು. ಏಳಿ ಅಕ್ಕ. ಹಳೇ ಮನೆ, ಯಾವಾಗ ಬೀಳುತ್ತೋ."

"ಬಿದ್ರೆ ನಾನೂ ಜೊತೆಗೆ ಬೀಳ್ತೀನಿ."

ಅವನು ಅವಳ ಕೂದಲು ಹಿಡಿದು ಎಳೆದ. ಅವಳು ನಡುಗಂಬವನ್ನು ತಬ್ಬಿ ಬೆರಳಿಗೆ ಬೆರಳು ಹೆಣೆದುಕೊಂಡಳು. ಅವನು ಬಿದ್ದಿದ್ದ ಮರದ ತುಂಡೊಂದನ್ನು ಎತ್ತಿ ಆ ಬೆರಳುಗಳ ಮೇಲೆ ಹೊಡೆದ. ಮತ್ತೆ ಹೊಡೆದ. ಒಣಕಡ್ಡಿ ಮುರಿದಂತೆ ಸದ್ದಾಯಿತು. ಅವಳು ಕಂಬವನ್ನು ಕಚ್ಚಿ ಹಿಡಿದಳು. ಬಾಯಲ್ಲಿ ರಕ್ತದ ರುಚಿ, ಹಳೆಯ ಎಣ್ಣೆಯ ರುಚಿ.

"ಅಣ್ಣಾ, ಒಳಗೆ ಜನ ಇದ್ದಾರೆ," ಎಂದು ಹೊರಗಿನಿಂದ ಚಾಲಕ ಕೂಗಿದ.

"ಹಿಂದಕ್ಕೆ ತಗೊಂಡು ಗುದ್ದೋ. ಹೆದರಿ ಎದ್ದೋಡ್ತಾಳೆ."

ಲಾರಿಯ ಹಿಂಭಾಗ ಬಾಗಿಲ ಮೂಲೆಗೆ ಬಡಿಯಿತು. ಗಾಜು ಪುಡಿಯಾಯಿತು, ಫೋಟೋ ಮಗುಚಿ ಬಿತ್ತು, ಸೂರಿನ ಹೆಂಚುಗಳು ರಾಶಿಯಾಗಿ ಸುರಿದವು. ಅದರಲ್ಲೊಂದು ಸುಗಾಯನ ನೆತ್ತಿಗೆ ಬಿತ್ತು. ಅವನು ಹಣೆಯಿಂದ ಇಳಿಯುತ್ತಿದ್ದ ರಕ್ತವನ್ನು ಅಂಗೈಯಲ್ಲಿ ಹಿಡಿದು ನೋಡಿ, ಕಾಲುಚೀಲದಲ್ಲೇ ಗಾಜಿನ ಮೇಲೆ ಓಡಿದ. ಲಾರಿ ಹೊರಟುಹೋಯಿತು. ಮನೆ ನರಳಿತು, ಒಂದು ಪಕ್ಕಕ್ಕೆ ವಾಲಿತು, ನಿಂತಿತು.

ಸೈಕಲ್ ಮೇಲೆ ಬಂದ ಪೊಲೀಸಿನವನು ವಾಲಿದ ಗೋಡೆಯನ್ನು ನೋಡಿದ. "ಬ್ರೇಕ್ ಕೆಟ್ಟಿತ್ತೇನೋ."

"ಹೋದ ತಿಂಗಳೂ ಹಂಗೇ ಬರ್ಕೊಂಡ್ರಿ. ಅವತ್ತು ಅಮ್ಮ ಒಳಗಿದ್ದಳು. ಪಕ್ಕೆ ಮುರಿದು ಹಾಸಿಗೆ ಹಿಡಿದವಳು ಅದರಿಂದಲೇ ಸತ್ತಳು."

ಅವನು ಪುಸ್ತಕವನ್ನು ಜೇಬಿಗೆ ಹಾಕಿ, ಕುಕ್ಕರಗಾಲಲ್ಲಿ ಕೂತು, ಬಿದಿರಿನ ಚೂರೊಂದನ್ನು ಆನಿಸಿ ತನ್ನ ಕರವಸ್ತ್ರದಿಂದ ಅವಳ ಬಲಗೈ ಬೆರಳುಗಳನ್ನು ಕಟ್ಟಿದ. ತುಂಬ ನಿಧಾನವಾಗಿ ಕಟ್ಟಿದ.

"ಆಸ್ಪತ್ರೆಗೆ ಹೋಗಿ."

"ನಾಡಿದ್ದು ಕಳೀಲಿ."

"ಹಾಗಾದ್ರೆ ರಾತ್ರಿ ಈ ಕಡೆ ಎರಡು ಸುತ್ತು ಜಾಸ್ತಿ ಹಾಕ್ತೀನಿ," ಎಂದ ಅವನು, ಸೈಕಲ್ಲಿನ ಕಡೆ ನೋಡುತ್ತ.

ಹೊತ್ತಿಳಿಯುವಾಗ ತೊರಾಕಿಚಿ ಬಿಳಿ ಬಟ್ಟೆ ಸುತ್ತಿದ ಗಡಿಗೆಯನ್ನು ಎದೆಗವಚಿಕೊಂಡು ಹೊಸಾಕಳೊಡನೆ ಬಂದ. ಮನೆ ಕಂಡು ಅವನ ಬಾಯಿ ತೆರೆದದ್ದು ತೆರೆದಂತೆ ಇತ್ತು. ಬಾಗಿಲಿಗೆ ಭುಜ ಕೊಟ್ಟ.

"ತಳ್ಳಬೇಡ ಮಾವ. ಬಾಗಿಲೇ ಈಗ ಸೂರು ಹೊತ್ತಿರೋದು. ಅಡಿಗೆಮನೆ ಕಿಟಕಿಗೆ ಬಾ."

ಸುಡುಗಾಡಿನಿಂದ ಬಂದವರ ಮೇಲೆ ಮನೆಯಲ್ಲಿದ್ದವರು ಉಪ್ಪು ಚಿಮುಕಿಸಬೇಕು. ಅವಳು ಎಡಗೈಯಿಂದ ಕಿಟಕಿಯಾಚೆಗೆ ಚಿಮುಕಿಸಿದಳು. ಮಾವನ ಮೇಲೆ, ಆಮೇಲೆ ಹೊಸಾಕಳ ಮೇಲೂ. ಗಡಿಗೆಯನ್ನು ಮೊಣಕೈಯಲ್ಲಿ ತಬ್ಬಿ ಒಳಗೆ ತೆಗೆದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು.

"ಗಂಟಲ ಮೂಳೆ ಒಂದಿಷ್ಟೂ ಒಡೆದಿರಲಿಲ್ಲ," ಎಂದ ತೊರಾಕಿಚಿ. "ಬೈದು ಬೈದು ಗಟ್ಟಿ ಮಾಡ್ಕೊಂಡಿದ್ದಳು." ನಗಲು ಹೋಗಿ ಆಗದೆ, ಬಿದ್ದ ಹೆಂಚು ಸರಿಸುವ ನೆವದಲ್ಲಿ ಆಚೆ ಹೋದ.

ಹೊಸಾಕ ಕರವಸ್ತ್ರ ಕಟ್ಟಿದ ಕೈಯನ್ನು ನೋಡಿದಳು. ಸುಡುಗಾಡಿನಲ್ಲಿ ಬಂದವರಿಗೆ ಹಂಚಿದ್ದ ಊಟದಲ್ಲಿ ತನ್ನ ಪಾಲನ್ನು ಅವಳು ಮುಟ್ಟಿರಲಿಲ್ಲ. ಆ ಡಬ್ಬಿಯ ಗಂಟು ಬಿಚ್ಚಿ, ಮುಚ್ಚಳ ತೆಗೆದು, ಅಂಟಿಕೊಂಡಿದ್ದ ಉಣ್ಣುವ ಜೋಡಿಕಡ್ಡಿಯನ್ನು ಎರಡಾಗಿ ಸೀಳಿದಳು. ಸಿಬಿರು ಹೋಗಲೆಂದು ಒಂದಕ್ಕೊಂದು ಉಜ್ಜಿ ಸದಾಯೊಳ ಎಡಗೈಗೆ ಕೊಟ್ಟಳು. ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರೆ ಅದು ನಿಲ್ಲಲಿಲ್ಲ, ಕಟ್ಟೆ ಓರೆಯಾಗಿತ್ತು. ಸದಾಯೊ ಉಣ್ಣತೊಡಗಿದಳು. ಡಬ್ಬಿ ಜಾರದಂತೆ ಹೊಸಾಕ ಹೊರಗಿನಿಂದ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.